ಐವತ್ತಕ್ಕೆ ನಲವತ್ತೆಂಟು

ಮಕ್ಕಳು ಅವಳನ್ನು ಸುತ್ತಿಗೆ ಟೀಚರ್ ಅಂತ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಅವಳಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ಉಬ್ಬಿಹೋದಳು. ‘ಕಾರ್ಯಾನುಭವ ಶಿಕ್ಷಕಿ’ ಅನ್ನುವ ಕಾಗದದ ಮೇಲಿನ ಹೆಸರಿಗಿಂತ ಇದೇ ಎಷ್ಟೋ ವಾಸಿ ಅಂತ ಮನೆಗೆ ಬಂದು ಅತ್ತಿಗೆಯ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಅಪ್ಪ ಬಡಗಿ. ಮನೆಯ ಕೆಳಗೇ ಮರಗೆಲಸದ ಅಂಗಡಿ. ನಡೆಯಲು ಕಲಿಯುವ ಮೊದಲೇ ಮರದ ಹೊಟ್ಟಿನಲ್ಲಿ ಹೊರಳಾಡಿ ಬೆಳೆದವಳು. ಹನ್ನೆರಡು ತುಂಬುವಷ್ಟರಲ್ಲಿ ಕೀಸುಳಿ ಹಿಡಿದು ಒರಟು ಹಲಗೆಯನ್ನು ಕೆನ್ನೆ ಒರಗಿಸುವಷ್ಟು ನುಣುಪು ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣನ ಪಾಲಾಯಿತು. “ನಿನ್ನ ಕೈಗೆ ಕೊಟ್ರೆ ಗಿರಾಕಿ ಬರಲ್ಲ ಕಣೇ,” ಅಂದಿದ್ದು ಅಮ್ಮನೇ. ಕೆಲಸದಲ್ಲಿ ಅಣ್ಣನಿಗಿಂತ ತಂಗಿಯ ಕೈ ಒಂದು ಹೆಜ್ಜೆ ಮುಂದೆ ಅಂತ ಅಣ್ಣನೂ ಸೇರಿ ಎಲ್ಲರಿಗೂ ಗೊತ್ತಿತ್ತು. ಅವಳು ಆಗ ಜಗಳವಾಡಲಿಲ್ಲ. ತರಬೇತಿ ಕಾಲೇಜಿಗೆ ಸೇರಿ ಮರಗೆಲಸದ ಜೊತೆಗೆ ವೈರಿಂಗ್, ನಲ್ಲಿ ರಿಪೇರಿ ಎಲ್ಲ ಕಲಿತು, ಹೈಸ್ಕೂಲಿನಲ್ಲಿ ಕೆಲಸ ಹಿಡಿದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿತ್ತು. ಮೂರನೇ ಸಲ ಅವಳೇ ಬೇಡ ಅಂದಳು. ಈಗ ನಲವತ್ತೇಳು ವರ್ಷ. ಅಂಗಡಿಯ ಮೇಲಿನ ಮನೆಯಲ್ಲೇ ಅಣ್ಣ ಅತ್ತಿಗೆಯರ ಜೊತೆ ಇದ್ದಳು.

ಶಾಲೆಯ ಹಿಂಬದಿಯಲ್ಲಿ ಅವಳದೊಂದು ಉದ್ದನೆಯ ಕೋಣೆ. ಹನ್ನೆರಡು ದಪ್ಪ ಮೇಜು, ಒಂದೊಂದಕ್ಕೂ ಮರ ಕಚ್ಚಿ ಹಿಡಿಯುವ ವೈಸ್. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಗರಗಸ, ಉಳಿ, ಮೂಲೆ ನೆಟ್ಟಗಿದೆಯೇ ನೋಡುವ ಮೂಲೆಮಟ್ಟದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದು, ಅದರ ಮೇಲೇ ಅದನ್ನು ನೇತುಹಾಕಿದ್ದಳು. ಸಂಜೆ ಬೀಗ ಹಾಕುವಾಗ ಒಂದು ಉಳಿ ಕಾಣೆಯಾಗಿದ್ದರೂ ಗೋಡೆಯೇ ಚಾಡಿ ಹೇಳುತ್ತಿತ್ತು. ಆ ಕೋಣೆಯಲ್ಲಿ ಹದಿನೈದು ವರ್ಷ ಅವಳು ರಾಣಿಯ ಹಾಗಿದ್ದಳು. ಲೆಕ್ಕದಲ್ಲಿ ಸೊನ್ನೆ ತೆಗೆದುಕೊಂಡು ತಲೆ ತಗ್ಗಿಸಿ ಬಂದ ಮಕ್ಕಳು ಅಲ್ಲಿ ಸ್ಟೂಲಿನ ಕಾಲು ಅಲುಗಾಡದಂತೆ ಕೂರಿಸಿ ತಲೆ ಎತ್ತಿ ಹೋಗುತ್ತಿದ್ದರು.

ಆಮೇಲೆ ಹೊಸ ಹೆಡ್ ಮೇಷ್ಟ್ರು ಬಂದರು. ಬಿಳಿ ಶರ್ಟು, ಜೇಬಿನಲ್ಲಿ ಮೂರು ಪೆನ್ನು, ಬಾಯಿ ತೆರೆದರೆ ಫಲಿತಾಂಶ. ಗೇಟಿನ ಪಕ್ಕದಲ್ಲಿ ‘ನೂರಕ್ಕೆ ನೂರು’ ಅಂತ ಬೋರ್ಡು ಬರೆಸಿದರು. ಬೋರ್ಡಿನ ಬಣ್ಣ ಒಣಗುವ ಮೊದಲೇ ಗಣಿತದವರು ಬಂದು ನಿಂತರು. “ಪರೀಕ್ಷೆ ಹತ್ರ ಬಂತಲ್ಲ ಮೇಡಂ, ಒಂದು ಪೀರಿಯಡ್ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಮುಂದಿನ ತಿಂಗಳು ವಿಜ್ಞಾನದವರು ಬಂದರು. ವಾರಕ್ಕೆ ನಾಲ್ಕಿದ್ದದ್ದು ಎರಡಾಯಿತು, ಒಂದಾಯಿತು, ಇಲ್ಲವೇ ಇಲ್ಲವಾಯಿತು. ವೇಳಾಪಟ್ಟಿಯಲ್ಲಿ ಮಾತ್ರ ನಾಲ್ಕೂ ಹಾಗೇ ಇದ್ದವು, ಕೆಂಪು ಶಾಯಿಯಲ್ಲಿ, ಅವಳ ವಿಷಯದ ಹೆಸರಿನ ಕೆಳಗೆ. ಕೋಣೆಗೆ ಗೈಡ್ ಪುಸ್ತಕಗಳ ಕಟ್ಟು, ಮುರಿದ ಫ್ಯಾನು, ಹಳೆಯ ಉತ್ತರಪತ್ರಿಕೆಗಳ ಮೂಟೆ ಬಂದು ಬಿದ್ದವು. ಅವಳಿಗೆ ರಜೆ ಹಾಕಿದವರ ತರಗತಿಯಲ್ಲಿ ಗಲಾಟೆಯಾಗದಂತೆ ಕೂರುವ ಕೆಲಸ, ಪರೀಕ್ಷೆಯ ದಿನ ಬೆಂಚಿಗೆ ನಂಬರು ಅಂಟಿಸುವ ಕೆಲಸ, ಅತಿಥಿಗಳು ಬಂದರೆ ಚಹಾ ಹೇಳುವ ಕೆಲಸ.

ಇಷ್ಟಕ್ಕೇ ನಿಂತಿದ್ದರೆ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದಳೋ ಏನೋ. ವರ್ಷದ ಕೊನೆಗೆ ಅಂಕ ಹಾಕಬೇಕಲ್ಲ! ಕಾರ್ಯಾನುಭವಕ್ಕೆ ಐವತ್ತು ಅಂಕ.

“ಪಾಠವೇ ಆಗಿಲ್ವಲ್ಲ ಸಾರ್, ಏನಂತ ಹಾಕಲಿ?” ಅಂತ ಮೊದಲ ವರ್ಷ ಕೇಳಿದ್ದಳು.

ಹೆಡ್ ಮೇಷ್ಟ್ರು ಕತ್ತೆತ್ತಲಿಲ್ಲ. “ಎಲ್ಲರಿಗೂ ನಲವತ್ತೈದು ಹಾಕಿ. ಲೆಕ್ಕದಲ್ಲಿ ಚೆನ್ನಾಗಿ ಮಾಡೋರಿಗೆ ನಲವತ್ತೆಂಟು. ಮಕ್ಕಳ ಭವಿಷ್ಯಕ್ಕೆ ಅಡ್ಡ ಬರ್ತೀರೇನ್ರೀ?”

ಹಾಕಿದಳು. ಸಹಿಯನ್ನೂ ಮಾಡಿದಳು. ಮೂರು ವರ್ಷ ಮಾಡಿದಳು. ಮೂರನೇ ವರ್ಷ ಹಾಳೆಯಿಂದ ಕತ್ತೆತ್ತದೆ ಮಾಡಿ ಮುಗಿಸಿದಳು.

ಸ್ಟಾಫ್ ರೂಮಿನಲ್ಲಿ ಅವಳ ಎದುರಿನ ಕುರ್ಚಿ ಸಮಾಜ ಮೇಷ್ಟ್ರದ್ದು. ಸಮಾಜ ವಿಜ್ಞಾನ ಕಲಿಸುವವರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು, ಇರುವೆಗೂ ದಾರಿ ಬಿಟ್ಟು ನಡೆಯುವಂಥ ಮನುಷ್ಯ. ಅವರ ಪೀರಿಯಡ್ಡುಗಳಿಗೂ ಕತ್ತರಿ ಬಿದ್ದಿತ್ತು. ಉಳಿದ ಹೊತ್ತಿನಲ್ಲಿ ಪ್ರಶ್ನೆ-ಉತ್ತರ ಬರೆಸುತ್ತಿದ್ದರು: ‘ಪ್ರಜೆಯ ಕರ್ತವ್ಯಗಳಾವುವು?’ ಐದು ಪಾಯಿಂಟು. ‘ಹಕ್ಕು ಎಂದರೇನು?’ ಮೂರು ಸಾಲು. ವೇಳಾಪಟ್ಟಿಯ ರಿಜಿಸ್ಟರು ಇಡುವ ಹೆಚ್ಚಿನ ಹೊರೆಯನ್ನೂ ಅವರ ತಲೆಗೇ ಕಟ್ಟಲಾಗಿತ್ತು.

“ನೀವಾದ್ರೂ ಒಂದು ಮಾತು ಆಡಬಾರದಾ ಮೇಷ್ಟ್ರೇ?” ಅಂತ ಅವಳು ಒಮ್ಮೆ ಕೇಳಿದಾಗ ಅವರು ಕನ್ನಡಕ ಒರೆಸಿಕೊಂಡು, “ಇನ್ನೆರಡು ವರ್ಷ ಮೇಡಂ,” ಅಂದಿದ್ದರು. ಆ ಮಾತು ಕೇಳಿ ಅವಳಿಗೆ ಹೆಡ್ ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಹೊಸ ಶಾಲಾ ವರ್ಷ ಶುರುವಾದ ಎರಡನೇ ವಾರ. ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೊಣಕೈವರೆಗೂ ಹಳೆಯ ಸುಟ್ಟ ಗಾಯದ ಗುರುತು. ಹಿಂದೆ ಮಗಳು ಮುದುರಿ ನಿಂತಿದ್ದಳು. ಆ ಹುಡುಗಿ ಹಿಂದಿನ ವರ್ಷವಷ್ಟೇ ಹತ್ತನೇ ತರಗತಿ ಮುಗಿಸಿದವಳು ಅಂತ ಟೀಚರಿಗೆ ಗುರುತು ಸಿಕ್ಕಿತು.

“ಸುತ್ತಿಗೆ ಟೀಚರ್ ಅಂದ್ರೆ ಯಾರು?” ಹೆಂಗಸು ಕೇಳಿದಳು.

“ನಾನೇ ಕಣಮ್ಮ. ಬನ್ನಿ, ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. ಮಡಿಸಿಟ್ಟ ಅಂಕಪಟ್ಟಿ ತೆಗೆದು ಮೇಜಿನ ಮೇಲೆ ಹರಡಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಈ ಸಹಿ ನಿಮ್ಮದು ತಾನೇ?”

ಕಾರ್ಯಾನುಭವ: ಐವತ್ತಕ್ಕೆ ನಲವತ್ತೆಂಟು. ಕೆಳಗೆ ಅವಳದೇ ಸಹಿ, ದುಂಡಗೆ.

ನಡೆದದ್ದಿಷ್ಟು. ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತುಹೋಗಿ ತಾಯಿಗೆ ಎರಡು ಸಲ ಕರೆಂಟು ಹೊಡೆದಿತ್ತು. ಮಾಲೀಕ ಕ್ಯಾರೇ ಅಂದಿರಲಿಲ್ಲ. ಅಂದಿನಿಂದ ಹುಡುಗಿ ವೈರಿಂಗ್ ಕಲಿಯಬೇಕು ಅಂತ ಹಟ ಹಿಡಿದಿದ್ದಳು. ಪೇಟೆಯ ಕೈಗಾರಿಕಾ ತರಬೇತಿ ಸಂಸ್ಥೆಗೆ ಅರ್ಜಿ ಹಾಕಿದಳು. ನಲವತ್ತೆಂಟು ನೋಡಿ ಅಲ್ಲಿನವರು ಮೊದಲ ಪಟ್ಟಿಯಲ್ಲೇ ಹೆಸರು ಹಾಕಿದರು. ಒಂದೇ ಒಂದು ಸಣ್ಣ ಪರೀಕ್ಷೆ ಇತ್ತು: ಮೂರು ಪಿನ್ನಿನ ಪ್ಲಗ್ಗು, ಒಂದು ತುಂಡು ವೈರು, ಸೇರಿಸಿ ತೋರಿಸು. ಹುಡುಗಿ ಸ್ಕ್ರೂ ಡ್ರೈವರ್ ಕೈಯಲ್ಲಿ ಹಿಡಿದು ಕಾಲುಗಂಟೆ ಸುಮ್ಮನೆ ನಿಂತಿದ್ದಳು. ಯಾವ ಬಣ್ಣದ ವೈರು ಯಾವ ಪಿನ್ನಿಗೆ ಅಂತ ಅವಳಿಗೆ ಯಾರು ಹೇಳಿದ್ದರು?

“ಪರೀಕ್ಷೆ ಮಾಡ್ತಿದ್ದೋರು ಈ ಕಾಗದ ಎತ್ತಿ ಎಲ್ಲರಿಗೂ ತೋರಿಸಿ ನಕ್ಕರಂತೆ,” ಅಂದಳು ತಾಯಿ. “‘ನಲವತ್ತೆಂಟು ತಗೊಂಡೋಳು ನೋಡ್ರಪ್ಪ, ಸ್ಕ್ರೂ ಬಿಚ್ಚೋಕೂ ಬರಲ್ಲ’ ಅಂದ್ರಂತೆ. ನನ್ನ ಮಗಳು ಮೂರು ದಿನ ಅನ್ನ ಮುಟ್ಟಿಲ್ಲ. ಸೊನ್ನೆ ಹಾಕಿದ್ರೆ ಸೊನ್ನೆ ಅಂತ ಗೊತ್ತಾಗ್ತಿತ್ತು, ಎಲ್ಲಾದ್ರೂ ಹೋಗಿ ಕಲೀತಿದ್ಲು. ನೀವು ಯಾಕ್ರೀ ಸುಳ್ಳು ಹಾಕಿದ್ರಿ?”

ಗಣಿತದವರು ಪುಸ್ತಕದಲ್ಲಿ ಮುಖ ಹುದುಗಿಸಿದರು. ಸಮಾಜ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಟೀಚರಿಗೆ ಹೇಳಲು ಎಷ್ಟೊಂದಿತ್ತು: ಪೀರಿಯಡ್ ಕಿತ್ತುಕೊಂಡರು, ಹೇಳಿ ಹಾಕಿಸಿದರು, ನನ್ನ ಕೈಯಲ್ಲಿ ಏನಿತ್ತು. ಆದರೆ ಆ ಹೆಂಗಸಿನ ಬೆರಳು ಇದ್ದದ್ದು ಹೆಡ್ ಮೇಷ್ಟ್ರ ಹೆಸರಿನ ಮೇಲಲ್ಲ.

“ತಪ್ಪು ನನ್ನದೇ ಕಣಮ್ಮ,” ಅಂದಳು ಕೊನೆಗೆ. “ಭಾನುವಾರ ಇವಳನ್ನ ನಮ್ಮನೆಗೆ ಕಳಿಸ್ತೀರಾ? ನಾನು ಕಲಿಸ್ತೀನಿ.”

“ಈಗ ಕಲಿಸ್ತೀರಾ?” ಅಂದಳು ತಾಯಿ. ಅಷ್ಟೇ ಅಂದು ಅಂಕಪಟ್ಟಿ ಮಡಿಸಿಕೊಂಡು ಹೊರಟಳು.

ಆ ಭಾನುವಾರ ಹುಡುಗಿ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮೂರನೆಯ ಭಾನುವಾರ ಒಬ್ಬಳೇ ಬಂದು ಅಂಗಡಿಯ ಮುಂದೆ ಚಪ್ಪಲಿ ಬಿಡಬೇಕೋ ಬೇಡವೋ ಅಂತ ಗೊತ್ತಾಗದೆ ನಿಂತಿದ್ದಳು. ಅಣ್ಣ ಒಂದು ಮೂಲೆ ಬಿಟ್ಟುಕೊಟ್ಟ. ಅತ್ತಿಗೆ, “ಶಾಲೇಲಿ ಸಂಬಳ ತಗೊಂಡು ಮನೇಲಿ ಪಾಠ ಮಾಡೋ ಟೀಚರ್ ಇಡೀ ಲೋಕದಲ್ಲಿ ನೀನೊಬ್ಬಳೇ ಇರಬೇಕು,” ಅಂತ ಗೊಣಗುತ್ತಲೇ ಹುಡುಗಿಗೆ ತಿಂಡಿಯ ತಟ್ಟೆ ತಂದಿಟ್ಟಳು. ಮೊದಲ ದಿನ ಪ್ಲಗ್ಗು. ಎರಡನೇ ದಿನ ಸ್ವಿಚ್ಚು ಮತ್ತು ಬಲ್ಬಿನ ಹೋಲ್ಡರು. ಮೂರನೇ ದಿನ ಹುಡುಗಿ ತಾಯಿಗೆ ಕರೆಂಟು ಹೊಡೆದ ಲಾಂಡ್ರಿಯ ಇಸ್ತ್ರಿ ಪೆಟ್ಟಿಗೆಯನ್ನೇ ಚೀಲದಲ್ಲಿ ಹೊತ್ತು ತಂದಳು.

ಹುಡುಗಿಯ ಬೆರಳು ಚುರುಕಾದಷ್ಟೂ ಟೀಚರಿಗೆ ತನ್ನ ಮೇಲೇ ಸಿಟ್ಟು ಹೆಚ್ಚಾಯಿತು. ಇಷ್ಟೇ ಕೆಲಸವಿತ್ತು! ಎಂಟು ಭಾನುವಾರದ ಕೆಲಸ! ಹೆಡ್ ಮೇಷ್ಟ್ರ ಹತ್ತಿರ ಹೋಗಿ ಪೀರಿಯಡ್ ವಾಪಸು ಕೇಳಿದಳು. “ನೋಡೋಣ ಮೇಡಂ,” ಅಂದರು. ತಿಂಗಳು ಬಿಟ್ಟು ಮತ್ತೆ ಕೇಳಿದಳು. “ಹೇಳಿದ್ನಲ್ಲ ಮೇಡಂ, ನೋಡೋಣ.” ಬರೆದು ಕೊಟ್ಟಳು. ಆ ಕಾಗದ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ.

ವರ್ಷದ ಕೊನೆ ಬಂತು. ಹತ್ತನೇ ತರಗತಿಯ ಎಂಬತ್ತಮೂರು ಮಕ್ಕಳ ಅಂಕದ ಹಾಳೆ ಅವಳ ಮೇಜಿಗೆ ಬಂತು. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ಕೂತು, ಎಂಬತ್ತಮೂರು ಹೆಸರಿನ ಮುಂದೆಯೂ ‘ಪಾಠ ನಡೆದಿಲ್ಲ’ ಅಂತ ಬರೆದಳು. ಅದೇ ಅದೇ ಅಂತ ಗೆರೆ ಎಳೆಯಲಿಲ್ಲ; ಎಂಬತ್ತಮೂರು ಸಲ ಪೂರ್ತಿ ಬರೆದಳು. ಸಹಿ ಮಾಡಿ ತಾನೇ ಒಯ್ದು ಕೊಟ್ಟಳು.

ಹೆಡ್ ಮೇಷ್ಟ್ರ ಮುಖ ಕೆಂಪಾಯಿತು. “ತಲೆಗಿಲೆ ಕೆಟ್ಟಿದೆಯಾ ನಿಮಗೆ? ಇದು ಹೋದ್ರೆ ಒಂದು ಮಗುವಿಗೂ ಸರ್ಟಿಫಿಕೇಟ್ ಬರಲ್ಲ!”

“ಬರಬಾರದು ಸಾರ್. ಕಲಿಸದೇ ಇರೋದಕ್ಕೆ ಯಾಕೆ ಬರಬೇಕು?”

“ಮೂರು ವರ್ಷ ಹಾಕಿದ್ರಲ್ಲ, ಆಗ ಎಲ್ಲಿ ಹೋಗಿತ್ತು ಈ ಸತ್ಯ?”

ಮಾತು ನೆಟ್ಟಗೆ ಎದೆಗೇ ಬಂತು. “ಹೇಡಿಯಾಗಿದ್ದೆ, ಹಾಕಿದೆ. ಅದನ್ನೂ ಬರೆದುಕೊಡ್ತೀನಿ, ಕಾಗದ ಕೊಡಿ,” ಅಂದು ಅಲ್ಲೇ ಕೂತು ಬರೆದುಕೊಟ್ಟಳು.

ಸುದ್ದಿ ಗೇಟು ದಾಟಿ ಬೀದಿಗೆ ಬಿತ್ತು. ಮರುದಿನವೇ ಮೂವತ್ತು ನಲವತ್ತು ಪೋಷಕರು ಬಂದು ಅವಳನ್ನು ಅಂಗಳದಲ್ಲಿ ಸುತ್ತುಗಟ್ಟಿದರು. “ನಿಮ್ಮ ಜಗಳದಲ್ಲಿ ನಮ್ಮ ಮಕ್ಕಳನ್ನ ಯಾಕ್ರೀ ಬಲಿ ಕೊಡ್ತೀರಾ?” ಅಂತ ಒಬ್ಬರು ಕೂಗಿದರು. ಅವರು ಕೇಳುವುದರಲ್ಲಿ ತಪ್ಪೇನಿತ್ತು? ಆದರೂ ಧ್ವನಿ ಏರಿಸಿ ಹೇಳಿದಳು: “ನಿಮ್ಮ ಮಕ್ಕಳ ವೇಳಾಪಟ್ಟಿ ನೋಡಿ. ವಾರಕ್ಕೆ ನಾಲ್ಕು ಪೀರಿಯಡ್ ನಂದು ಅಂತ ಬರೆದಿದೆ. ಮನೆಗೆ ಹೋಗಿ ಮಕ್ಕಳನ್ನ ಕೇಳಿ, ಈ ವರ್ಷ ಒಂದು ಮೊಳೆ ಹೊಡೆದಿದ್ದೀರಾ ಅಂತ. ನಲವತ್ತು ಗಂಟೆ ಕೊಡಿಸಿ ನಂಗೆ. ಕಲಿಸಿ, ನೋಡಿ, ಅಂಕ ಹಾಕ್ತೀನಿ.” ಕೆಲವರು ಬೈಯುತ್ತಾ ಹೋದರು. ಕೆಲವರು ಹೆಡ್ ಮೇಷ್ಟ್ರ ಕೋಣೆಯ ಕಡೆ ತಿರುಗಿದರು.

ವಾರದೊಳಗೆ ಶಿಕ್ಷಣಾಧಿಕಾರಿಯ ಕಚೇರಿಯಿಂದ ಅವಳಿಗೂ ಹೆಡ್ ಮೇಷ್ಟ್ರಿಗೂ, ರಿಜಿಸ್ಟರಿನ ಸಮೇತ ಸಮಾಜ ಮೇಷ್ಟ್ರಿಗೂ ಕರೆ ಬಂತು. ಅಧಿಕಾರಿ ಐವತ್ತು ದಾಟಿದ ಹೆಂಗಸು, ಕಣ್ಣ ಕೆಳಗೆ ಕಪ್ಪು. ಮೇಜಿನ ಎರಡೂ ಕಡೆ ಫೈಲುಗಳ ಗೋಡೆ. ಹೆಡ್ ಮೇಷ್ಟ್ರು ಒಂದು ಹೊಚ್ಚಹೊಸ ಪಾಠದ ಡೈರಿ ತಂದಿದ್ದರು. ಅದರಲ್ಲಿ ವರ್ಷಪೂರ್ತಿ ಕಾರ್ಯಾನುಭವದ ಪಾಠ ನಡೆದ ದಾಖಲೆ ಇತ್ತು, ತಾರೀಖಿನ ಸಮೇತ.

“ಇದು ನನ್ನ ಅಕ್ಷರ ಅಲ್ಲ,” ಅಂದಳು ಅವಳು.

“ಅಕ್ಷರ ಯಾರದಾದ್ರೇನು ಮೇಡಂ, ಪಾಠ ಆಗಿದೆ,” ಅಂದರು ಹೆಡ್ ಮೇಷ್ಟ್ರು, ಅಧಿಕಾರಿಯ ಕಡೆ ನೋಡುತ್ತಾ. “ವೇಳಾಪಟ್ಟಿ ನೋಡ್ಕೊಳ್ಳೋರು ಇಲ್ಲೇ ಇದ್ದಾರಲ್ಲ, ಕೇಳಿ.”

ಎಲ್ಲರೂ ಸಮಾಜ ಮೇಷ್ಟ್ರ ಕಡೆ ತಿರುಗಿದರು. ಅವರು ಬಗಲಲ್ಲಿ ರಿಜಿಸ್ಟರು ಅವುಚಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಇವರಿಂದ ಏನೂ ಆಗುವುದಿಲ್ಲ ಅಂತ ಅವಳು ಆಗಲೇ ಆಸೆ ಬಿಟ್ಟಿದ್ದಳು. ಮೇಷ್ಟ್ರು ಎದ್ದು ನಿಂತರು.

“ಪಾಠ ಆಗಿಲ್ಲ ಮೇಡಂ,” ಅಂದರು. ಧ್ವನಿ ಸಣ್ಣಗಿತ್ತು, ಆದರೆ ತೊದಲಲಿಲ್ಲ. “ಯಾವ ದಿನ ಯಾವ ಪೀರಿಯಡ್ ಯಾರು ತಗೊಂಡ್ರು ಅಂತ ನಾನು ಪೆನ್ಸಿಲಲ್ಲಿ ಬರೆದಿಟ್ಟಿದ್ದೀನಿ. ನೂರಾ ಹದಿನಾರು ಪೀರಿಯಡ್. ಎಪ್ಪತ್ತು ಗಣಿತಕ್ಕೆ, ನಲವತ್ತಾರು ವಿಜ್ಞಾನಕ್ಕೆ. ನಂದೂ ಅರವತ್ತು ಹೋಗಿದೆ. ಅದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಇಷ್ಟು ದಿನ ಯಾಕೆ ಸುಮ್ಮನಿದ್ರಿ?” ಅಧಿಕಾರಿ ಕೇಳಿದರು.

“ಹೆದರಿಕೆ ಮೇಡಂ. ಆ ಇಸ್ತ್ರಿ ಕೆಲಸದ ಹೆಂಗಸು ಬಂದ ದಿನ ನಾನು ಕಿಟಕಿ ಕಡೆ ಮುಖ ಮಾಡ್ಕೊಂಡೆ. ಅವತ್ತಿಂದ ತರಗತೀಲಿ ‘ಪ್ರಜೆಯ ಕರ್ತವ್ಯ’ ಅಂತ ಬಾಯಿ ತೆರೆದ್ರೆ ನಾಚಿಕೆಯಾಗುತ್ತೆ.”

ಅಧಿಕಾರಿ ರಿಜಿಸ್ಟರಿನ ಹಾಳೆಗಳನ್ನು ಮಗುಚಿ ನೋಡಿ, ಹಣೆ ಒತ್ತಿಕೊಂಡರು. “ನಿಮ್ಮದೊಂದೇ ಶಾಲೆನಾ? ಎಲ್ಲಾ ಕಡೆ ಹೀಗೇ ನಡೀತಿದೆ. ನೀವು ಇದನ್ನೊಂದು ದೊಡ್ಡ ವಿಷಯ ಮಾಡ್ಕೊಂಡು...”

“ಎಲ್ಲಾ ಕಡೆ ನಡೀತಿದೆ ಅಂತ ನಿಮಗೆ ಗೊತ್ತಿದ್ರೆ,” ಸುತ್ತಿಗೆ ಟೀಚರ್ ಅಂದಳು, “ಎಲ್ಲಾ ಕಡೆ ಯಾಕೆ ಕೇಳಿಲ್ಲ ಮೇಡಂ?”

ಅಧಿಕಾರಿ ರಿಜಿಸ್ಟರು ಮುಚ್ಚಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಎರಡು ದಿನಕ್ಕೆ ಆದೇಶ ಬಂತು. ಆರು ವಾರದೊಳಗೆ ಎಂಬತ್ತಮೂರು ಮಕ್ಕಳಿಗೂ ನಲವತ್ತು ಗಂಟೆ ಪಾಠ ಮುಗಿಸಿ ಅಂಕ ಕಳಿಸಬೇಕು. ಇದು ಮೊದಲ ಪ್ಯಾರಾ. ಎರಡನೇ ಪ್ಯಾರಾ: ಹಿಂದಿನ ಮೂರು ವರ್ಷ ಸುಳ್ಳು ಅಂಕ ನೀಡಿದ್ದನ್ನು ತಾನೇ ಒಪ್ಪಿಕೊಂಡಿರುವ ಕಾರ್ಯಾನುಭವ ಶಿಕ್ಷಕಿಗೆ ಕಟ್ಟೆಚ್ಚರಿಕೆ; ಅದನ್ನು ಆಕೆಯ ಸೇವಾ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಹೆಡ್ ಮೇಷ್ಟ್ರ ವಿಷಯಕ್ಕೆ ಮೂರನೇ ಪ್ಯಾರಾ ಇರುತ್ತದೆ ಅಂತ ಹಾಳೆ ಮಗುಚಿ ನೋಡಿದಳು. ಹಿಂಬದಿ ಖಾಲಿ. ಸುಳ್ಳು ಡೈರಿಯ ಬಗ್ಗೆ ಒಂದು ಅಕ್ಷರವಿಲ್ಲ.

“ಹಾಕಿಸಿದವನಿಗೆ ಏನೂ ಇಲ್ಲ, ಹಾಕಿದವಳಿಗೆ ಮಾತ್ರ ಶಿಕ್ಷೆನಾ?” ಅತ್ತಿಗೆ ಮನೆಯಲ್ಲಿ ತಟ್ಟೆ ಕುಕ್ಕಿದಳು. “ಅದೂ ನೀನಾಗೇ ಬಾಯಿಬಿಟ್ಟಿದ್ದಕ್ಕೆ!”

“ನನಗೆ ಶಿಕ್ಷೆ ಆಗಲಿ ಅತ್ತಿಗೆ, ಆಗಲೇಬೇಕು,” ಅಂದಳು. “ಆದ್ರೆ ನನಗೊಬ್ಬಳಿಗೇ ಅಂದ್ರೆ ನಾನು ಬಿಡಲ್ಲ.” ಮರುದಿನವೇ ಮೇಲ್ಮನವಿ ಬರೆಯಲು ಕೂತಳು. ಸಮಾಜ ಮೇಷ್ಟ್ರು ತಾವಾಗಿಯೇ ಬಂದು ಪಕ್ಕದಲ್ಲಿ ಕೂತು ವಾಕ್ಯ ತಿದ್ದಿದರು. ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಆ ಆರು ವಾರ ಹಿಂಬದಿಯ ಕೋಣೆಯಲ್ಲಿ ನೊಣ ಕೂರಲೂ ಜಾಗವಿರಲಿಲ್ಲ. ಗೈಡ್ ಪುಸ್ತಕದ ಕಟ್ಟುಗಳನ್ನು ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಹೆಡ್ ಮೇಷ್ಟ್ರ ಕೋಣೆಯ ಮುಂದೆ ಪೇರಿಸಿದರು. ಗರಗಸಗಳಿಗೆ ತುಕ್ಕು ಹಿಡಿದಿತ್ತು. ಮೊದಲ ನಾಲ್ಕು ಗಂಟೆ ತುಕ್ಕು ತಿಕ್ಕುವುದಕ್ಕೇ ಹೋಯಿತು. ಗಣಿತದಲ್ಲಿ ಶಾಲೆಗೇ ಮೊದಲಿಗನಾದವನು ಹೆಬ್ಬೆರಳ ಮೇಲೆ ಸುತ್ತಿಗೆ ಹೊಡೆದುಕೊಂಡು ಕುಣಿದಾಡಿದ. ತರಗತಿಯಲ್ಲಿ ಬಾಯಿ ತೆರೆದೇ ಗೊತ್ತಿಲ್ಲದ ಒಬ್ಬಳು ಮೂಲೆಮಟ್ಟ ಹಿಡಿದು ಉಳಿದವರ ತಪ್ಪನ್ನೆಲ್ಲ ಹುಡುಕಿ ಹುಡುಕಿ ಜಗಳ ತೆಗೆದಳು. ಸಮಾಜ ಮೇಷ್ಟ್ರು ತಮ್ಮ ಪೀರಿಯಡ್ಡನ್ನು ಅಲ್ಲೇ ತಂದು ಹಾಕಿದರು: ಕೋಣೆಯ ಒಡೆದ ದೀಪ, ಅಲುಗಾಡುವ ಕಿಟಕಿ, ಎಲ್ಲದರ ಪಟ್ಟಿ ಮಾಡಿ, ಯಾರಿಗೆ ಹೇಗೆ ಅರ್ಜಿ ಬರೆಯಬೇಕು, ಉತ್ತರ ಬಾರದಿದ್ದರೆ ಮುಂದೇನು ಅಂತ ಮಕ್ಕಳಿಂದಲೇ ಬರೆಸಿದರು. ಆ ಪಾಠಕ್ಕೆ ಪಾಯಿಂಟುಗಳಿರಲಿಲ್ಲ.

ಅಂಕ ಹಾಕುವಾಗ ಅವಳು ಕೈ ಬಿಗಿ ಮಾಡಲಿಲ್ಲ, ಸಡಿಲವಾಗಿಯೂ ಬಿಡಲಿಲ್ಲ. ಒಬ್ಬಳಿಗೆ ನಲವತ್ತೊಂದು, ಒಬ್ಬನಿಗೆ ಇಪ್ಪತ್ತೆರಡು. ಗಣಿತದ ಮೊದಲಿಗನಿಗೆ ಮೂವತ್ತು. ಅವನ ತಂದೆ ಕಾರಿನಲ್ಲಿ ಬಂದು ಜಗಳವಾಡಿದರು. ಅವಳು ಆ ಹುಡುಗ ಮಾಡಿದ ಸ್ಟೂಲನ್ನು ತಂದಿಟ್ಟು, “ಕೂತ್ಕೊಂಡು ಮಾತಾಡಿ ಸಾರ್,” ಅಂದಳು. ಅವರು ಕೂರುವ ಸಾಹಸ ಮಾಡಲಿಲ್ಲ.

ಇಸ್ತ್ರಿ ಹೆಂಗಸಿನ ಮಗಳು ಆ ವರ್ಷ ಮತ್ತೆ ಅರ್ಜಿ ಹಾಕಿದಳು. ಈ ಸಲ ಪ್ಲಗ್ಗು ಸೇರಿಸಿದ್ದಲ್ಲದೆ, ಪರೀಕ್ಷೆ ಮಾಡುತ್ತಿದ್ದವರ ಮೇಜಿನ ಮೇಲಿದ್ದ ಹಳೆಯ ಪ್ಲಗ್ಗಿನಲ್ಲಿ ಅರ್ಥ್ ವೈರು ಬಿಟ್ಟುಹೋಗಿದೆ ಅಂತ ತೋರಿಸಿಯೇ ಬಂದಳಂತೆ. ಸೀಟು ಸಿಕ್ಕ ದಿನ ತಾಯಿ ಶಾಲೆಗೆ ಬಂದಳು. ಧನ್ಯವಾದ ಹೇಳಲಿಲ್ಲ. ಟೀಚರೂ ಅದನ್ನು ಕಾಯಲಿಲ್ಲ.

“ಸೇರಿದ್ಲು,” ಅಂದಳು ತಾಯಿ. “ಆದ್ರೆ ಒಂದು ವರ್ಷ ಹೋಯ್ತಲ್ಲ ಟೀಚರ್.”

“ಹೋಯ್ತಮ್ಮ.”

“ಇವಳ ಜೊತೆ ಓದಿದ ಉಳಿದ ಮಕ್ಕಳು? ಅವರಿಗೆ ಇನ್ನೂ ಗೊತ್ತೇ ಇಲ್ಲವೇನೋ, ತಮಗೆ ಏನೂ ಬರಲ್ಲ ಅಂತ.”

ಮೂರು ವರ್ಷದ ಮಕ್ಕಳು ಸುಳ್ಳು ಅಂಕ ಹಿಡಿದು ಊರೆಲ್ಲ ಚದುರಿಹೋಗಿದ್ದರು. ವಿಳಾಸ ಗೊತ್ತಿದ್ದವರಿಗೆಲ್ಲ, ಭಾನುವಾರ ಅಂಗಡಿಯ ಬಾಗಿಲು ತೆರೆದಿರುತ್ತದೆ ಅಂತ ಹೇಳಿ ಕಳಿಸಿದಳು. ಇಲ್ಲಿವರೆಗೆ ಹನ್ನೊಂದು ಮಂದಿ ಬಂದಿದ್ದಾರೆ.

ಮೇಲ್ಮನವಿಗೆ ಏಳು ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ ಬಂತು: ‘ಮರುಪರಿಶೀಲನೆಗೆ ಅವಕಾಶವಿರುವುದಿಲ್ಲ.’ ಹೆಡ್ ಮೇಷ್ಟ್ರಿಗೆ ಅದೇ ತಿಂಗಳು ಇನ್ನೂ ದೊಡ್ಡ ಶಾಲೆಗೆ ಬಡ್ತಿ ಸಿಕ್ಕಿತು. ಬೀಳ್ಕೊಡುಗೆ ಸಭೆಗೆ ಅವಳು ಹೋಗಲಿಲ್ಲ. ಹಿಂಬದಿಯ ಕೋಣೆಯಲ್ಲಿ ಗರಗಸದ ಹಲ್ಲು ಮಸೆಯುತ್ತಾ ಕೂತಿದ್ದಳು, ಸಭೆಯ ಮೈಕಿಗಿಂತ ಜೋರಾಗಿ. ಅವರ ಜಾಗಕ್ಕೆ ಬಂದ ಹೊಸಬರು ನಯವಾಗಿ ಮಾತಾಡುತ್ತಾರೆ. ಹೊಸ ವೇಳಾಪಟ್ಟಿಯಲ್ಲಿ ಅವಳಿಗೆ ವಾರಕ್ಕೆ ಎರಡು ಪೀರಿಯಡ್ ನಿಜವಾಗಿಯೂ ಸಿಕ್ಕಿವೆ. ಉಳಿದೆರಡು ಈಗಲೂ ಗಣಿತದವರ ಹತ್ತಿರವೇ ಇವೆ. ಸೋಮವಾರ ಬೆಳಗ್ಗೆ ಮೊದಲ ಗಂಟೆ ಹೊಡೆಯುವ ಮೊದಲು ಅವನ್ನು ಕೇಳಲು ಅವಳು ಹೋಗುವವಳಿದ್ದಾಳೆ, ಜೊತೆಗೆ ಸಮಾಜ ಮೇಷ್ಟ್ರೂ ಬರುತ್ತೇನೆ ಅಂದಿದ್ದಾರೆ.